ಧೂಳಪ್ಪ ತಂದ ನಕಲು

ಊರ ಬಾವಿಗೆ ಹೋಗುವ ದಾರಿಗೆ ಕಾಂಕ್ರೀಟು ಬಿದ್ದು ಇಪ್ಪತ್ತು ದಿನವಾಗಿತ್ತು. ದಾರಿಯ ಬಾಯಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು, ಅವುಗಳಿಗೆ ನೀಲಿ ಬಣ್ಣದ ಒಂದು ತಗಡಿನ ಬೋರ್ಡನ್ನೂ ಬಿಗಿದಿದ್ದರು. ಬೋರ್ಡಿನ ಮೇಲೆ ಇನ್ನೂ ಏನೂ ಬರೆದಿರಲಿಲ್ಲ. ಹೊರ್ತಿಯಿಂದ ನಾಲ್ಕು ಕಿಲೋಮೀಟರು ಒಳಗಿರುವ ಗುಬ್ಬಿಹಾಳದಲ್ಲಿ ಜಗಳಕ್ಕೆ ಯಾವತ್ತೂ ದೊಡ್ಡ ಕಾರಣ ಬೇಕಾಗಿರಲಿಲ್ಲ. ಖಾಲಿ ಬೋರ್ಡು ಧಾರಾಳವಾಗಿ ಸಾಕಾಯಿತು.

ಅದರ ಮೇಲೆ ಯಾರ ಹೆಸರು ಬರಬೇಕು ಎಂಬುದರಲ್ಲಿ ನಿಂಬೆ ತೋಟದ ಧೂಳಪ್ಪನಿಗೆ ಅನುಮಾನವೇ ಇರಲಿಲ್ಲ. ಅವನ ಅಜ್ಜನ ಹೆಸರು. ಅರವತ್ತು ವರ್ಷದ ಹಿಂದೆ ಈ ದಾರಿ ಬಂದ್ ಆಗಿತ್ತು, ಇಂಡಿ ಕೋರ್ಟಿನಲ್ಲಿ ಕೇಸು ನಡೆಯಿತು, ದಾರಿ ತೆರೆಯಿತು, ಆ ಕೇಸಿನಲ್ಲಿ ಅಜ್ಜ ಇದ್ದ. ಇದು ಮನೆತನದಲ್ಲಿ ನಡೆದುಬಂದ ಮಾತು. ಅಜ್ಜನ ಹೆಸರೂ ಧೂಳಪ್ಪ. ಅವನು ತೀರಿಕೊಂಡ ಮರುವರ್ಷ ಹುಟ್ಟಿದ ಮೊಮ್ಮಗನಿಗೆ ಅದೇ ಹೆಸರಿಟ್ಟಿದ್ದರು. ‘ಶ್ರೀ ಧೂಳಪ್ಪ ರಸ್ತೆ’ ಎಂದು ಬರೆದರೆ ಸತ್ತ ಧೂಳಪ್ಪನಿಗೂ ಸಂದೀತು, ಇದ್ದ ಧೂಳಪ್ಪನಿಗೂ ಸಂದೀತು. ಈ ಎರಡನೆಯ ಲಾಭವನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಬೋರ್ಡಿನ ಮುಂದೆ ಹಾಯುವಾಗೆಲ್ಲ ಮೀಸೆ ತಾನಾಗಿಯೇ ಮೇಲೇಳುತ್ತಿತ್ತು.

ಅಡ್ಡಬಂದವನು ರೇವಪ್ಪ. ದಾರಿಗೆ ಜಾಗ ಬಿಟ್ಟುಕೊಟ್ಟದ್ದು ತನ್ನ ಅಜ್ಜ, ಹೆಸರು ಅವನದೇ ಆಗಬೇಕು ಎಂದು ಅವನು ಪಂಚಾಯತಿಗೆ ಅರ್ಜಿ ಕೊಟ್ಟ. ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಪ್ರಿಯದರ್ಶಿನಿ ಇಬ್ಬರನ್ನೂ ಕರೆಸಿ, ಸೋಮವಾರ ಸಂಜೆ ನಾಲ್ಕೂವರೆಗೆ ಸಭೆ ಇದೆ, ಯಾರ ಹತ್ತಿರ ಕಾಗದ ಇದೆಯೋ ತನ್ನಿ ಎಂದಳು. ಕಾಗದವೆಂದರೆ ರೇವಪ್ಪನ ಹತ್ತಿರವೂ ಇರಲಿಲ್ಲ, ಧೂಳಪ್ಪನ ಹತ್ತಿರವೂ ಇರಲಿಲ್ಲ. ಆದರೆ ಸೋಮವಾರ ಬೆಳಗ್ಗೆ ಭೀಮುನ ಚಹಾದಂಗಡಿಯಲ್ಲಿ ರೇವಪ್ಪ, “ಕೇಸು ಗೀಸು ಅಂತ ಹೇಳಕೋತ ಬಂದೀರಿ. ಅಂಥಾ ಕೇಸ ಇದ್ದಿದ್ರ ಒಂದು ಚೀಟಿನಾರ ಇರಬೇಕಿತ್ತಲ್ಲ,” ಎಂದು ಬಸಿಯಲ್ಲಿ ಚಹಾ ಸುರಿದುಕೊಂಡಾಗ, ಧೂಳಪ್ಪನ ಸಿಟ್ಟು ನೆತ್ತಿಗೆ ಏರಿತು.

“ಚೀಟಿ ಅಲ್ಲ, ಶಿಕ್ಕಾ ಹೊಡದ ಕೋರ್ಟಿನ ಕಾಗದಾನ ತರತೇನಿ. ಇವತ್ತ, ಸಭಾಕ್ಕ,” ಎಂದ.

ಇಂಥ ಮಾತು ಬಿದ್ದಲ್ಲಿ ಗುರಣ್ಣ ಏಳದೇ ಇರುವುದಿಲ್ಲ. ಗುರಣ್ಣ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಟಿಕೇಟು ಹರಿದವನು, ಈಗ ಹರಿಯಲು ಏನೂ ಇಲ್ಲದೆ ಊರವರ ತಲೆ ಹರಿಯುತ್ತಿದ್ದ. ಕೋರ್ಟಿನ ದಾಖಲೆ ಈಗ ಮೊಬೈಲಿನಲ್ಲೇ ಸಿಗುತ್ತದೆ, ಹೆಸರು ಹಾಕಿದರೆ ಸಾಕು, ಇಂಡಿ ತನಕ ಪೆಟ್ರೋಲು ಯಾಕೆ ಸುಡಬೇಕು ಎಂದು ಅವನು ಕನ್ನಡಕ ಏರಿಸಿ ಫೋನು ತೆಗೆದ. ವಿಜಯಪುರ ಜಿಲ್ಲೆ ಒತ್ತಿದ. ಇಂಡಿ ಎಂದು ಒತ್ತಿ ‘ಧೂಳಪ್ಪ’ ಹಾಕಿದರೆ ಯಾವುದೋ ಹೊಲದ ಬದುವಿನ ಕೇಸು ಬಂತು. ಅದು ಹೋದ ವರ್ಷದ್ದು. ಗುರಣ್ಣ ಸೋಲಲಿಲ್ಲ. ಸಿಂದಗಿ ಒತ್ತಿದ, ಅಲ್ಲಿನ ಧೂಳಪ್ಪ ಟ್ರ್ಯಾಕ್ಟರನ್ನು ಕರೆಂಟಿನ ಕಂಬಕ್ಕೆ ಹಾಯಿಸಿದ್ದ. ಮುದ್ದೇಬಿಹಾಳದ ಧೂಳಪ್ಪನ ಮೇಲೆ ಕುಸ್ತಿ ಕಣದ ಹೊಡೆದಾಟದ ಕೇಸಿತ್ತು. ಬಸವನ ಬಾಗೇವಾಡಿ ಒತ್ತಿದಾಗ ಗುರಣ್ಣ ಸ್ವಲ್ಪ ಜೋರಾಗಿಯೇ ಓದಿದ:

“ಧೂಳಪ್ಪ. ಹೆಂಡತಿ ಬಿಡುಗಡಿ ಅರ್ಜಿ. ಮುಂದಿನ ತಾರೀಕು ಹದಿನೆಂಟು.”

ಚಹಾ ಸೋಸುತ್ತಿದ್ದ ಭೀಮುನ ಕೈ ಅಲ್ಲೇ ನಿಂತಿತು. ಅವನಿಗೆ ಮೊದಲಿನ ಮೂರು ಧೂಳಪ್ಪಂದಿರು ಕೇಳಿಸಿರಲಿಲ್ಲ. ಇದೊಂದೇ ಕೇಳಿಸಿತ್ತು.

ಹಳೆಯ ಕೇಸು ಮೊಬೈಲಿನಲ್ಲಿ ಬರುವುದಿಲ್ಲ, ಕೋರ್ಟಿನ ರೆಕಾರ್ಡ್ ಕೋಣೆಯಿಂದಲೇ ತೆಗೆಸಬೇಕು ಎಂದು ಕೊನೆಗೆ ಗುರಣ್ಣನಿಗೂ ಹೊಳೆಯಿತು. ಅಲ್ಲಿ ಇಂಗ್ಲಿಷು ಬರುತ್ತದೆ, ನೀನೊಬ್ಬನೇ ಹೋದರೆ ಕಷ್ಟ ಎಂದು ಹೇಳುತ್ತಲೇ ಅವನು ಧೂಳಪ್ಪನ ಮೋಟರ್ ಸೈಕಲಿನ ಹಿಂದೆ ಹತ್ತಿ ಕುಳಿತ. ಗಾಡಿ ಹೊರ್ತಿ ದಾಟುವ ಹೊತ್ತಿಗೆ ಬಾಗೇವಾಡಿಯ ವಿಚ್ಛೇದನದ ಅರ್ಜಿ ಭೀಮುನ ಅಂಗಡಿಯಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಪಕ್ಕದ ಮನೆಯ ಮಾಬುಬಿಗೆ, ಮಾಬುಬಿಯಿಂದ ಧೂಳಪ್ಪನ ಹೆಂಡತಿ ಸಿದ್ದಲಿಂಗವ್ವನಿಗೆ ತಲುಪಿಯಾಗಿತ್ತು. ಕೋರ್ಟಿನ ಸಮನ್ಸು ಎಂದೂ ಅಷ್ಟು ಬೇಗ ಜಾರಿಯಾದದ್ದಿಲ್ಲ.

ಇಂಡಿ ಕೋರ್ಟಿನ ನಕಲು ವಿಭಾಗದಲ್ಲಿ ಶೈಲಶ್ರೀ ಎಂಬ ಗುಮಾಸ್ತೆ ಕುಳಿತಿದ್ದಳು. ಧೂಳಪ್ಪ ಜಗಳಕ್ಕೆ ತಯಾರಾಗಿ ಹೋಗಿದ್ದ; ಅಲ್ಲಿ ಜಗಳ ಸಿಗಲಿಲ್ಲ. ಅವಳು ಕುರ್ಚಿ ತೋರಿಸಿದಳು, ನೀರು ಬೇಕೇ ಎಂದು ಕೇಳಿದಳು, ಅರ್ಜಿಯ ನಮೂನೆ ಕೊಟ್ಟಳು. ಹಳೆಯ ತೀರ್ಪುಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಕೇಸಿನ ನಂಬರು ಇದ್ದರೆ ತುರ್ತು ಅರ್ಜಿಯ ಮೇಲೆ ಮಧ್ಯಾಹ್ನ ಮೂರಕ್ಕೆಲ್ಲ ನಕಲು ಸಿಗುತ್ತದೆ ಎಂದಳು. ನಂಬರು ಇಲ್ಲ ಎಂದ ಧೂಳಪ್ಪ. ವರ್ಷವಾದರೂ ಹೇಳಿ, ಹೆಸರಿನ ಮೇಲೆ ಹುಡುಕುತ್ತೇನೆ ಎಂದಳು.

“ನಮ್ಮೂರಿಗೆ ಮೊದಲನೇ ಡೀಸೆಲ್ ಇಂಜಿನ್ ಬಂದ ವರ್ಷ,” ಎಂದ ಧೂಳಪ್ಪ.

“ನಮ್ಮ ರಿಜಿಸ್ಟರಿನ್ಯಾಗ ಇಂಜಿನ್ ಬರದಿಲ್ರಿ,” ಎಂದಳು ಶೈಲಶ್ರೀ.

ಧೂಳಪ್ಪ ಮೀಸೆ ತಿರುವಿದ. ಆಗ ನೆನಪಾಯಿತು: ಅಜ್ಜನ ಕೇಸಿನ ತಾರೀಕು ಬಂದಾಗೆಲ್ಲ ಅಪ್ಪನನ್ನೂ ಶಾಲೆ ಬಿಡಿಸಿ ಇಂಡಿಗೆ ಕರೆತರುತ್ತಿದ್ದರು, ಅದರಿಂದಲೇ ಅಪ್ಪ ನಾಲ್ಕನೆಯ ಇಯತ್ತೆಯಲ್ಲಿ ನಪಾಸಾದದ್ದು. ಅಪ್ಪನ ಶಾಲೆಯ ದಾಖಲೆ ಮನೆಯ ಟ್ರಂಕಿನಲ್ಲಿದೆ. ಹೊರಗೆ ಹೋಗಿ ಹೆಂಡತಿಗೆ ಫೋನು ಹಚ್ಚಿದ.

“ಟ್ರಂಕಿನ್ಯಾಗ ಅಪ್ಪನ ಸರ್ಟಿಫಿಕೇಟ್ ಐತಿ, ಜರಾ ನೋಡು,” ಎಂದ.

“ಬಾಗೇವಾಡಿಯಾಕಿ ಹೆಸರೇನು?” ಎಂದಳು ಸಿದ್ದಲಿಂಗವ್ವ.

ಯಾವ ಬಾಗೇವಾಡಿ, ಯಾರಾಕೆ ಎಂದು ಅವನು ಕೇಳಿದ್ದೇ ತಪ್ಪಾಯಿತು. ಹದಿನೆಂಟನೇ ತಾರೀಕಿಗೆ ಇಸ್ತ್ರಿ ಮಾಡಿದ ಅಂಗಿ ಬೇಕೋ, ಹೇಗೆ ಎಂದು ಅವಳು ವಿಚಾರಿಸಿದಳು. ಅದು ಬೇರೆ ಧೂಳಪ್ಪ ಎಂದು ಇವನು ಅಂದರೆ, ಇಷ್ಟು ವರ್ಷ ತನಗೂ ಹಾಗೇ ಅನಿಸುತ್ತಿತ್ತು ಎಂದಳು. ಗುರಣ್ಣ ಫೋನು ಕಸಿದುಕೊಂಡು ಸಮಾಧಾನ ಹೇಳಲು ಹೋಗಿ, ಸಿಂದಗಿಯ ಟ್ರ್ಯಾಕ್ಟರನ್ನೂ ಮುದ್ದೇಬಿಹಾಳದ ಹೊಡೆದಾಟವನ್ನೂ ಎಳೆದು ತಂದು, ನಾಲ್ಕೂ ಕೋರ್ಟಿನಲ್ಲಿ ಧೂಳಪ್ಪನ ಹೆಸರಿದೆ, ಒಂದಕ್ಕೇ ಯಾಕೆ ಸಿಟ್ಟಾಗುತ್ತೀ ತಂಗಿ ಎಂದುಬಿಟ್ಟ. ಆ ಕಡೆಯಿಂದ ಟ್ರಂಕು ತೆರೆದ ಸದ್ದು ಬಂತು. ಸಿದ್ದಲಿಂಗವ್ವ ಹಳೆಯ ಸಿಟ್ಟನ್ನೂ ಹೊಸ ಕೆಲಸವನ್ನೂ ಒಂದೇ ಸಲಕ್ಕೆ ಹೊರಬಲ್ಲ ಹೆಂಗಸು.

“ಹತ್ತೊಂಬತ್ತನೂರಾ ಅರವತ್ತಾರು. ನಾಲ್ಕನೇತ್ತಾ, ನಪಾಸ,” ಎಂದು ಓದಿ, “ಸಂಜೀಕ ಸಭಾಕ್ಕ ನಾನೂ ಬರತೇನಿ,” ಎಂದು ಫೋನು ಇಟ್ಟುಬಿಟ್ಟಳು.

ವರ್ಷ ಸಿಕ್ಕ ಮೇಲೆ ಶೈಲಶ್ರೀಗೆ ಹತ್ತು ನಿಮಿಷ ಸಾಕಾಯಿತು. ಕಂಪ್ಯೂಟರಿನಲ್ಲಿ ಬೆರಳು ಓಡಿಸಿ, “ಗುಬ್ಬಿಹಾಳ, ಬಾವಿ ದಾರಿ. ಸಿಕ್ಕತ್ರಿ. ಧೂಳಪ್ಪ ಅನ್ನಾವ್ರು ಇದರಾಗ ಪ್ರತಿವಾದಿ ಅದಾರ,” ಎಂದಳು.

ಧೂಳಪ್ಪ ಗುರಣ್ಣನ ಮುಖ ನೋಡಿದ. ಗುರಣ್ಣ ಅವನನ್ನು ಪಕ್ಕಕ್ಕೆ ಎಳೆದು ದನಿ ತಗ್ಗಿಸಿ ಬಿಡಿಸಿ ಹೇಳಿದ: “ವಾದಿ ಅಂದ್ರ ಬರೇ ವಾದಾ ಮಾಡಾಂವ. ಪ್ರತಿವಾದಿ ಅಂದ್ರ ಪ್ರತಿ ವಾದಾನೂ ಗೆದ್ದಾಂವ.”

ಧೂಳಪ್ಪನ ಎದೆ ತೂತು ಮುಚ್ಚಿದ ಟ್ಯೂಬಿನ ಹಾಗೆ ಉಬ್ಬಿತು. ಒಂದು ವಾದ ಗೆದ್ದರೂ ನಡೆಯುತ್ತಿತ್ತು. ಅಜ್ಜ ಪ್ರತಿಯೊಂದನ್ನೂ ಗೆದ್ದಿದ್ದ. ಅರ್ಜಿ ತುಂಬಿದರು, ಸ್ಟಾಂಪು ಹಚ್ಚಿದರು, ಹೊರಗಿನ ಖಾನಾವಳಿಯಲ್ಲಿ ಊಟಕ್ಕೆ ಕುಳಿತರು. ಧೂಳಪ್ಪ ಎರಡು ರೊಟ್ಟಿ ತಿಂದ. ಗುರಣ್ಣ ಅಜ್ಜನ ಗೆಲುವಿಗಾಗಿ ಆರು ತಿಂದ. ಸಭೆಯಲ್ಲಿ ಹಂಚಲು ಎರಡು ಕಿಲೋ ಪೇಡೆಯನ್ನೂ ಕೊಂಡರು.

ಮೂರಕ್ಕೆ ಸರಿಯಾಗಿ ನಕಲು ತಯಾರಾಗಿತ್ತು. ಐದು ಹಾಳೆ, ಪ್ರತಿ ಹಾಳೆಗೂ ನೇರಳೆ ಬಣ್ಣದ ದುಂಡನೆಯ ಶಿಕ್ಕೆ. ಒಳಗೆಲ್ಲ ಇಂಗ್ಲಿಷು. ಧೂಳಪ್ಪನ ಇಂಗ್ಲಿಷು ಗೊಬ್ಬರದ ಚೀಲದ ಮೇಲಿನ ಅಕ್ಷರದ ತನಕ ಹೋಗಿ ನಿಲ್ಲುತ್ತಿತ್ತು. ಗುರಣ್ಣನದು ನಿಲ್ದಾಣಗಳ ಹೆಸರಿನ ತನಕ. ಆದರೂ ಗುರಣ್ಣ ಹಾಳೆ ತಿರುವಿ, ಮಜಬೂತಾಗಿದೆ ಎಂದ. ಇದರಲ್ಲಿ ಏನು ಬರೆದಿದೆ, ಸ್ವಲ್ಪ ಹೇಳುತ್ತೀರಾ ಎಂದು ಧೂಳಪ್ಪ ಶೈಲಶ್ರೀಯನ್ನು ಕೇಳಿದ. ನಕಲು ಕೊಡುವುದಷ್ಟೇ ತನ್ನ ಕೆಲಸ, ಅರ್ಥ ಹೇಳುವುದಲ್ಲ ಎಂದು ಅವಳು ನಯವಾಗಿ ಅಂದಳು. ಶಿಕ್ಕೆ ಹೊಡೆಯುವಾಗ ಅವಳ ಕಣ್ಣು ಎರಡು ಸಾಲಿನ ಮೇಲೆ ಬಿದ್ದಿತ್ತೆಂದು ಕಾಣುತ್ತದೆ. “ನಿಮ್ಮ ಮನ್ಯಾಗ ಭಾರಿ ಗಟ್ಟಿ ಮಂದಿ ಇದ್ರು ನೋಡ್ರಿ,” ಎಂದು ನಕ್ಕಳು.

ಧೂಳಪ್ಪ ಆ ನಗೆಯನ್ನು ಕೂಡ ಕಾಗದದ ಜೊತೆ ಮಡಚಿ ಅಂಗಿಯ ಒಳಕಿಸೆಗೆ ಹಾಕಿಕೊಂಡ.

ಸಭೆಗೆ ಅರ್ಧ ಊರೇ ನೆರೆದಿತ್ತು. ಬೋರ್ಡಿಗಿಂತ ಹೆಚ್ಚಾಗಿ ಜನರಿಗೆ ಬಾಗೇವಾಡಿಯ ಸುದ್ದಿ ಬೇಕಾಗಿತ್ತು. ಮುಂದಿನ ಸಾಲಿನಲ್ಲಿ ರೇವಪ್ಪ, ಹೆಂಗಸರ ಕಡೆ ಸಿದ್ದಲಿಂಗವ್ವ ಮತ್ತು ಮಾಬುಬಿ. ಧೂಳಪ್ಪ ಬಂದವನೇ ಕಾಗದವನ್ನು ಪ್ರಿಯದರ್ಶಿನಿಯ ಮೇಜಿನ ಮೇಲೆ, ಗೆದ್ದ ಪೈಲ್ವಾನ ಗದೆ ಇಡುವ ಹಾಗೆ ಇಟ್ಟ. ಸಿದ್ದಲಿಂಗವ್ವ ಎದ್ದು ನಿಂತು, ಅದು ಬಾಗೇವಾಡಿಯ ಕಾಗದವೋ ಎಂದು ಕೇಳಿದಳು. ಅಲ್ಲ, ಇಂಡಿಯದು, ಅರವತ್ತಾರರದು ಎಂದಳು ಪ್ರಿಯದರ್ಶಿನಿ. ಗುರಣ್ಣ ಬಾಗೇವಾಡಿಯ ಧೂಳಪ್ಪ ಬೇರೆಯವನೆಂದು ಆಣೆ ಹಾಕಿದ.

“ನನಗ ಗೊತ್ತೈತಿ,” ಎಂದಳು ಸಿದ್ದಲಿಂಗವ್ವ. “ಇವರಿಗೆ ಒಬ್ಬಾಕಿನ್ನ ಸಂಭಾಳಸೂದ ಆಗವಲ್ದು. ಓದ್ರಿ ಮೇಡಂ.”

ಜನ ಸ್ವಲ್ಪ ನಿರಾಶೆಯಿಂದಲೇ ಕುಳಿತರು. ಪ್ರಿಯದರ್ಶಿನಿ ಮೊದಲ ಹಾಳೆಯನ್ನು ತನ್ನಷ್ಟಕ್ಕೆ ಓದಿದಳು. ಎರಡನೆಯದನ್ನೂ ಓದಿದಳು. ಆಮೇಲೆ ಧೂಳಪ್ಪನ ಕಡೆ ನೋಡಿ, “ಇದನ್ನ ಜೋರಾಗಿ ಓದಬೇಕೇನ್ರಿ, ಇಲ್ಲಾ ನೀವ ಒಳಗ ಬಂದು ಒಂದಿಷ್ಟು ಕೇಳತೀರೇನು?” ಎಂದಳು.

“ಜೋರಾಗೇ ಓದ್ರಿ. ಹಿಂದ ನಿಂತಾವ್ರಿಗೂ ಕೇಳಬೇಕು,” ಎಂದ ಧೂಳಪ್ಪ.

ಅವಳು ಕನ್ನಡದಲ್ಲಿ ಹೇಳುತ್ತ ಹೋದಳು. ದಾರಿ ಬಂದ್ ಆಗಿದೆ ಎಂದು ಕೇಸು ಹಾಕಿದ ವಾದಿಯ ಹೆಸರು ಸುಂದರವ್ವ, ಧೂಳಪ್ಪನ ಹೆಂಡತಿ. ದಾರಿಗೆ ಮುಳ್ಳುಬೇಲಿ ಹಚ್ಚಿ ಬಂದ್ ಮಾಡಿದ ಪ್ರತಿವಾದಿಯ ಹೆಸರು ಧೂಳಪ್ಪ, ಸುಂದರವ್ವನ ಗಂಡ.

ಧೂಳಪ್ಪ ಗುರಣ್ಣನತ್ತ ತಿರುಗಿದ. ಗುರಣ್ಣ ಪೇಡೆಯ ಡಬ್ಬಿಯ ಮೇಲಿನ ದಾರ ಬಿಚ್ಚುವುದರಲ್ಲಿ ಮಗ್ನನಾಗಿದ್ದ.

ಸುಂದರವ್ವ ಅವನ ಅಜ್ಜಿ. ಅವನಿಗೆ ಹತ್ತು ವರ್ಷವಾಗುವ ತನಕ ಇದ್ದಳು, ಬೆನ್ನು ತಿಕ್ಕಿ ಎರೆದವಳು. ಅವಳು ಕೋರ್ಟಿಗೆ ಹೋಗಿದ್ದಳೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಪ್ರಿಯದರ್ಶಿನಿ ಮುಂದುವರಿಸಿದಳು. ನೀರಿಗೆ ಹೋಗುವ ಹೆಂಗಸರು ತನ್ನ ಮೆಣಸಿನ ಗಿಡ ತುಳಿಯುತ್ತಾರೆಂದು ಧೂಳಪ್ಪ ತನ್ನ ಹೊಲದ ಅಂಚಿನ ದಾರಿಗೆ ಬೇಲಿ ಹಚ್ಚಿದ. ಊರ ಹೆಂಗಸರು ಎರಡೆರಡು ಕೊಡ ಹೊತ್ತು ಹಳ್ಳ ಸುತ್ತಿ ಬರಬೇಕಾಯಿತು. ಅವರಲ್ಲಿ ಧೂಳಪ್ಪನ ಹೆಂಡತಿಯೂ ಒಬ್ಬಳು. ಪಾಟೀಸವಾಲಿನಲ್ಲಿ ವಕೀಲರು ಧೂಳಪ್ಪನಿಗೆ, ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಬಾವಿಯಿಂದ ಎಂದ. ಹೇಗೆ ಬರುತ್ತದೆ ಎಂದು ಕೇಳಿದರು. ‘ಸಾಕ್ಷಿದಾರನು ಬಹಳ ಹೊತ್ತು ಸುಮ್ಮನೆ ನಿಂತನು’ ಎಂದು ನ್ಯಾಯಾಧೀಶರು ಬರೆದಿದ್ದರು.

ಹೆಂಗಸರ ಕಡೆಯಿಂದ ನಗೆ ಎದ್ದಿತು. ಸಾಕ್ಷಿದಾರನ ಹೆಸರೇ ಹೊತ್ತ ಮೊಮ್ಮಗನೂ ಸುಮ್ಮನೆ ನಿಂತಿದ್ದ. ‘ಧೂಳಪ್ಪ ಹಟಮಾರಿ ಮನುಷ್ಯ’ ಎಂಬ ಸಾಲು ಬಂದಾಗ ಎಲ್ಲರೂ ಹಾಳೆಯನ್ನು ಬಿಟ್ಟು ಅವನನ್ನೇ ನೋಡಿದರು.

ರೇವಪ್ಪನಿಗಂತೂ ಹಬ್ಬ. ತೊಡೆ ತಟ್ಟಿ ತಟ್ಟಿ ನಕ್ಕ. ಆ ನಗೆ ಮುಗಿಯುವ ಮೊದಲೇ ಪ್ರಿಯದರ್ಶಿನಿ ಮೂರನೆಯ ಹಾಳೆಗೆ ಬಂದಳು. ಅಲ್ಲಿ ಧೂಳಪ್ಪನ ಪರವಾಗಿ ಸಾಕ್ಷಿ ಹೇಳಿದ ಒಬ್ಬನೇ ಒಬ್ಬನಿದ್ದ, ಅವನು ರೇವಪ್ಪನ ಅಜ್ಜ. ಅಲ್ಲಿ ದಾರಿ ಎಂಬುದೇ ಯಾವತ್ತೂ ಇರಲಿಲ್ಲ ಎಂದು ಅವನು ಪ್ರಮಾಣ ಮಾಡಿ ಹೇಳಿದ್ದ. ಹಾಗಾದರೆ ಬೇಲಿ ಹಚ್ಚುವ ಮೊದಲು ನೀನು ಬಾವಿಗೆ ಹೇಗೆ ಹೋಗುತ್ತಿದ್ದೆ ಎಂದು ವಕೀಲರು ಕೇಳಿದಾಗ, ಅದೇ ದಾರಿಯಿಂದ ಎಂದಿದ್ದ. ರೇವಪ್ಪನ ಕೈ ತೊಡೆಯ ಮೇಲೆಯೇ ಉಳಿಯಿತು.

ಎಲ್ಲಕ್ಕಿಂತ ಜನರನ್ನು ಹಿಡಿದು ಕೂಡಿಸಿದ್ದು ನಾಲ್ಕನೆಯ ಹಾಳೆ. ವಾದಿ ಮತ್ತು ಪ್ರತಿವಾದಿ ಪ್ರತಿ ತಾರೀಕಿಗೂ ಒಂದೇ ಚಕ್ಕಡಿಯಲ್ಲಿ ಬರುತ್ತಾರೆ, ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಮಗನನ್ನು ನಡುವೆ ಕೂರಿಸಿಕೊಂಡು ಒಂದೇ ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಾರೆ, ಇದನ್ನು ತಾವು ಕಣ್ಣಾರೆ ಕಂಡಿದ್ದಾಗಿ ನ್ಯಾಯಾಧೀಶರು ಬರೆದಿದ್ದರು. ಹಾಗಿದ್ದ ಮೇಲೆ ರಾಜಿ ಯಾಕೆ ಆಗಬಾರದು ಎಂದು ಅವರು ಕೇಳಿದ್ದರು. ವಾದಿ ಕೊಟ್ಟ ಉತ್ತರವನ್ನು ಅವಳ ಮಾತಿನಲ್ಲೇ ಹಾಕಿದ್ದರು.

“ರೊಟ್ಟಿ ಮನೀದು, ದಾರಿ ಊರಂದು ಸಾಹೇಬ್ರ,” ಎಂದು ಪ್ರಿಯದರ್ಶಿನಿ ಓದಿದಳು.

ಮಾಬುಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೆಸರಿನ ವಿಷಯದಲ್ಲಿ ಆಮೇಲೆ ಚರ್ಚೆಯೇ ಆಗಲಿಲ್ಲ. ‘ಸುಂದರವ್ವ ರಸ್ತೆ’ ಎಂದು ಯಾರೋ ಅಂದರು, ಎಲ್ಲ ಕೈಗಳೂ ಎದ್ದವು, ಬೇರೆ ದಾರಿ ಕಾಣದೆ ರೇವಪ್ಪನದೂ ಎದ್ದಿತು. ಪ್ರಿಯದರ್ಶಿನಿ ಠರಾವು ಬರೆದುಕೊಂಡಳು.

ಧೂಳಪ್ಪ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಗೊಡುವ ಕುಳವಲ್ಲ. ಎರಡೇ ನಿಮಿಷದಲ್ಲಿ ಅವನು ಲೆಕ್ಕ ತಿರುಗಿಸಿ ಹಾಕಿದ್ದ. ಅಜ್ಜನಲ್ಲದಿದ್ದರೆ ಅಜ್ಜಿ, ಹೇಗೂ ತನ್ನ ಮನೆಯದೇ ಹೆಸರು, ರೇವಪ್ಪನ ಮನೆಯದಂತೂ ಅಲ್ಲ. ಎದ್ದು ನಿಂತು, ಇಂಥ ಹೆಣ್ಣುಮಗಳ ಮೊಮ್ಮಗನೆಂದು ಹೇಳಿಕೊಳ್ಳಲು ತನಗೆ ಹೆಮ್ಮೆ ಎಂದ, ಈ ಕಾಗದ ಇವತ್ತು ಹೊರಬಿದ್ದದ್ದು ತನ್ನಿಂದ ಎಂಬುದನ್ನು ಊರು ಮರೆಯಬಾರದು ಎಂದ, ಕೋರ್ಟು ಹೇಳಿದ ಒಂದೊಂದು ಅಕ್ಷರಕ್ಕೂ ತನ್ನ ಮನೆತನ ತಲೆಬಾಗುತ್ತದೆ ಎಂದ. ಚಪ್ಪಾಳೆ ಬಿದ್ದವು, ಪ್ರಿಯದರ್ಶಿನಿ ಆ ಮಾತನ್ನೂ ಬರೆದುಕೊಂಡಳು. ಗುರಣ್ಣ ಧೈರ್ಯ ಮಾಡಿ ಪೇಡೆ ಹಂಚಲು ಶುರುಮಾಡಿದ.

“ಮೇಡಂ, ಐದನೇ ಹಾಳಿ ಉಳೀತಲ್ಲ,” ಎಂದಳು ಸಿದ್ದಲಿಂಗವ್ವ.

ಐದನೆಯ ಹಾಳೆಯಲ್ಲಿ ಕೋರ್ಟಿನ ಆಜ್ಞೆ ಇತ್ತು. ಹುಣಸೆ ಗಿಡದಿಂದ ಬಾವಿಯ ತನಕ ದಾರಿ ಹನ್ನೆರಡು ಅಡಿ ಅಗಲ. ಅದರಲ್ಲಿ ಪ್ರತಿವಾದಿಯಾಗಲಿ, ಅವನ ಮಕ್ಕಳು ಮೊಮ್ಮಕ್ಕಳಾಗಲಿ ಯಾವ ಕಾಲಕ್ಕೂ ಅಡ್ಡಿ ಮಾಡಬಾರದು. ಮಾಡಿದ ಅಡ್ಡಿಯನ್ನು ಎಂಟು ದಿನದೊಳಗೆ ಸ್ವಂತ ಕೈಯಿಂದ ತೆಗೆಯಬೇಕು.

“ಈಗಿನ ರಸ್ತೆ ಎಷ್ಟ ಅಡಿ ಐತ್ರಿ?” ಎಂದು ಸಿದ್ದಲಿಂಗವ್ವ ಕೇಳಿದಳು.

ಎಂಟು ಅಡಿ ಎಂದು ಪ್ರಿಯದರ್ಶಿನಿ ಕಡತ ನೋಡಿ ಹೇಳಿದಳು. ಆ ಜಾಗದಲ್ಲಿ ಅಷ್ಟೇ ಸಿಕ್ಕಿತ್ತು.

“ಅಷ್ಟ ಯಾಕ ಸಿಕ್ತು ಅಂದ್ರ, ಉಳದ ನಾಲ್ಕ ಅಡಿ ಮ್ಯಾಲೆ ನಮ್ಮ ನಿಂಬೀಹಣ್ಣಿನ ಶೆಡ್ ಕುಂತೈತ್ರಿ. ಹ್ವಾದ ವರ್ಷ ಕಟ್ಟೇವಿ. ಟ್ರ್ಯಾಕ್ಟರ್ ಬಂದ್ರ ನಾವು ಕೊಡಾ ಹೊತ್ತು ಗ್ವಾಡಿಗೆ ಹಲ್ಲಿ ಹತ್ತಿಧಂಗ ಹತ್ತಿ ನಿಲ್ಲತೇವಿ. ಕಟ್ಟೂ ಮುಂದ ಹೇಳಿದ್ನಿ. ಕೇಳಲಿಲ್ಲ.”

ಮಾಬುಬಿ ಎದ್ದು, ಆ ಮೂಲೆಗೆ ಬಡಿದೇ ತನ್ನ ಎರಡು ಕೊಡ ಒಡೆದದ್ದು ಎಂದು ಸಾಕ್ಷಿ ಹೇಳಿದಳು. ಇಡೀ ಸಭೆ ಧೂಳಪ್ಪನ ಕಡೆ ತಿರುಗಿತು. ಒಂದೊಂದು ಅಕ್ಷರಕ್ಕೂ ತಲೆಬಾಗುತ್ತೇನೆ ಎಂದ ಮಾತು ಠರಾವಿನ ಪುಸ್ತಕದಲ್ಲಿ ಇನ್ನೂ ಹಸಿಯಾಗಿಯೇ ಇತ್ತು. ಕಾಗದ ಖೊಟ್ಟಿ ಎನ್ನುವ ಹಾಗೂ ಇರಲಿಲ್ಲ. ಹಾಳೆ ಹಾಳೆಗೂ ಶಿಕ್ಕೆ ಹೊಡೆಸಿ ತಂದವನು ಅವನೇ. ರೇವಪ್ಪ ಎದ್ದು ಬಂದು ಕೈಯಾರೆ ಅವನಿಗೊಂದು ಪೇಡೆ ತಿನ್ನಿಸಿದ.

ಸಭೆ ಮುಗಿದಾಗ ಇನ್ನೂ ಬಿಸಿಲಿತ್ತು. ಧೂಳಪ್ಪ ಗಾಡಿ ಚಾಲೂ ಮಾಡಿದ. ಗುರಣ್ಣ ಎಲ್ಲಿಯೂ ಕಾಣಲಿಲ್ಲ. ಹಿಂದೆ ಸಿದ್ದಲಿಂಗವ್ವ ಹತ್ತಿ ಕುಳಿತಳು, ಕಾಗದವನ್ನು ಮಡಚಿ ತನ್ನ ಕುಪ್ಪಸದೊಳಗೆ ಇಟ್ಟುಕೊಂಡಳು, ಒಂದು ಕೈಯನ್ನು ಎಂದಿನಂತೆ ಅವನ ಹೆಗಲ ಮೇಲೆ ಹಾಕಿದಳು. ಖಾಲಿ ಬೋರ್ಡು ದಾಟಿದ ಮೇಲೆ ಅವಳು, ರಾತ್ರಿಗೆ ಬದನೆಕಾಯಿ ಮಾಡಲೋ ಹೆಸರುಕಾಳು ಮಾಡಲೋ ಎಂದು ಕೇಳಿದಳು.

ಏನಾದರೂ ಮಾಡು ಎಂದ ಧೂಳಪ್ಪ.

“ಬದನೀಕಾಯಿನ ಮಾಡತೇನಿ, ಹೊಟ್ಟಿ ತುಂಬ ಉಣ್ರಿ,” ಎಂದಳು ಸಿದ್ದಲಿಂಗವ್ವ. “ಕಬ್ಬಿಣದ ಹಾರಿ ದನದ ಕ್ವಾಟಗ್ಯಾಗ ಐತಿ. ಶೆಡ್ಡಿನ ಗ್ವಾಡಿ ಗಟ್ಟಿ ಕಟ್ಟಿಸೀರಿ, ಎಂಟ ದಿನಾ ಬೇಕ ಆಕ್ಕೈತಿ.”